ಒಂದೇ ದಾರಿಯ ಎರಡು ತಿದ್ದುಪಡಿಗಳು: ಕಮಲಾ ಮತ್ತು ಪೂಸಾ ಡಿಎಸ್‌ಟಿ ಭತ್ತದ ಒಳಗೇನಾಗಿದೆ?

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ದೆಹಲಿಯಲ್ಲಿ ಎರಡು ಹೊಸ ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ‘ಡಿಆರ್‌ಆರ್ ಧಾನ್ 100’, ಅದರದೇ ಇನ್ನೊಂದು ಹೆಸರು ಕಮಲಾ. ಮತ್ತೊಂದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ‘ಪೂಸಾ ಡಿಎಸ್‌ಟಿ ರೈಸ್ 1’. ಎರಡನ್ನೂ ಜೀನ್ ತಿದ್ದುಪಡಿಯಿಂದ, ಅಂದರೆ ಜೀನೋಮ್ ಎಡಿಟಿಂಗ್ ವಿಧಾನದಿಂದ ರೂಪಿಸಲಾಗಿದೆ. ಅಂದಿನಿಂದ ಒಂದು ಕಡೆ ‘ಎರಡನೇ ಹಸಿರು ಕ್ರಾಂತಿ’ ಎಂಬ ಮಾತು, ಇನ್ನೊಂದು ಕಡೆ ‘ಹಿಂಬಾಗಿಲಿನಿಂದ ಬಂದ ಕುಲಾಂತರಿ’ ಎಂಬ ಆರೋಪ ಕೇಳಿಬರುತ್ತಿದೆ. ಈ ಗದ್ದಲದಲ್ಲಿ ಗಿಡದೊಳಗೆ ನಿಜವಾಗಿ ಏನು ಬದಲಾಗಿದೆ ಎಂಬ ವಿವರ ಕಾಣೆಯಾಗಿದೆ. ಆ ವಿವರ ಗೊತ್ತಿದ್ದರೆ ತಳಿಯಿಂದ ಏನನ್ನು ನಿರೀಕ್ಷಿಸಬಹುದು, ಎಲ್ಲಿ ಅನುಮಾನಪಡಬೇಕು, ಯಾವ ಅಂಕಿಅಂಶ ಕೇಳಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಎರಡು ಬೇರೆ ಸಂಸ್ಥೆಗಳು ಎರಡು ಬೇರೆ ಗುಣಗಳಿಗಾಗಿ ಮಾಡಿದ ಈ ಕೆಲಸ, ಗಿಡದೊಳಗಿನ ಒಂದೇ ದಾರಿಯ ಎರಡು ತಿರುವುಗಳನ್ನು ಮುಟ್ಟಿದೆ. 

ತೆನೆಯ ಗಾತ್ರವನ್ನು ನಿರ್ಧರಿಸುವ ಕಿಣ್ವ

ಭತ್ತದ ತೆನೆಯಲ್ಲಿ ಎಷ್ಟು ಕಾಳು ಎಂಬುದು ಹೊಡೆ ಒಡೆಯುವುದಕ್ಕೆ ವಾರಗಳ ಮೊದಲೇ, ಕಾಂಡದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳವಣಿಗೆಯ ತುದಿಯಲ್ಲಿ ತೀರ್ಮಾನವಾಗಿರುತ್ತದೆ. ಆ ತುದಿಯ ಕೋಶಗಳು ಎಷ್ಟು ಕಾಲ ವಿಭಜನೆಯಾಗುತ್ತಾ ಹೋಗುತ್ತವೋ ಅಷ್ಟು ಕವಲುಗಳು, ಅಷ್ಟು ಹೂಗಳು. ವಿಭಜನೆಯನ್ನು ನಡೆಸುವ ಮುಖ್ಯ ಹಾರ್ಮೋನು ಸೈಟೊಕೈನಿನ್. ಅದನ್ನು ಒಡೆದುಹಾಕುವ ಕಿಣ್ವ ಸೈಟೊಕೈನಿನ್ ಆಕ್ಸಿಡೇಸ್. ಭತ್ತದಲ್ಲಿ ಈ ಕಿಣ್ವದ ಹಲವು ರೂಪಗಳಿವೆ. ತೆನೆಯ ತುದಿಯಲ್ಲಿ ಮುಖ್ಯ ಪಾತ್ರ ವಹಿಸುವುದು ‘ಸಿಕೆಎಕ್ಸ್2’ ಎಂಬ ಜೀನಿನಿಂದ ಬರುವ ರೂಪ. ಈ ಕಿಣ್ವ ಕಡಿಮೆಯಾದರೆ ಸೈಟೊಕೈನಿನ್ ಉಳಿಯುತ್ತದೆ, ತೆನೆ ಹೆಚ್ಚು ಕವಲೊಡೆಯುತ್ತದೆ.

ಇದನ್ನು 2005ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಮೊಟೊಯುಕಿ ಅಶಿಕಾರಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಚ್ಚು ಕಾಳು ಕಟ್ಟುವ ‘ಹಬಟಾಕಿ’ ಮತ್ತು ಕಡಿಮೆ ಕಾಳಿನ ‘ಕೊಶಿಹಿಕಾರಿ’ ತಳಿಗಳನ್ನು ಹೋಲಿಸಿ, ವ್ಯತ್ಯಾಸದ ಒಂದು ಮುಖ್ಯ ಕಾರಣವನ್ನು ಅವರು ಜೀನೋಮಿನ ‘ಜಿಎನ್1ಎ’ ಎಂಬ ನೆಲೆಗೆ ತಂದು ನಿಲ್ಲಿಸಿದರು. ಆ ನೆಲೆಯಲ್ಲಿರುವ ಜೀನ್ ಸಿಕೆಎಕ್ಸ್2 ಆಗಿತ್ತು. ಅದೇ ಅಧ್ಯಯನದಲ್ಲಿ ಚೀನಾದ ಒಂದು ಅಧಿಕ ಇಳುವರಿ ತಳಿಯಲ್ಲಿ ಈ ಜೀನಿನೊಳಗೆ ಡಿಎನ್‌ಎಯ 11 ಅಕ್ಷರಗಳು ಬಿಟ್ಟುಹೋಗಿ ಕಿಣ್ವವೇ ನಿಷ್ಕ್ರಿಯವಾಗಿದ್ದದ್ದು ಕಂಡುಬಂತು. ಯಾವ ಪ್ರಯೋಗಾಲಯವೂ ಕತ್ತರಿಸದೆ ಪ್ರಕೃತಿಯಲ್ಲೇ ಆದ ಕೊರತೆ ಅದು. ಹೆಚ್ಚು ಕಾಳು ಬೇಕೆಂದು ಆರಿಸುತ್ತಾ ಹೋದವರು ಅರಿವಿಲ್ಲದೆಯೇ ಅದನ್ನು ಉಳಿಸಿಕೊಂಡಿದ್ದರು.

ಕಮಲಾದಲ್ಲಿ ಮಾಡಿರುವುದು ಇದೇ ಕೆಲಸ. ಮೂಲ ತಳಿ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204. ಆಂಧ್ರದ ಬಾಪಟ್ಲದಲ್ಲಿ ಹುಟ್ಟಿ 1986ರಲ್ಲಿ ಬಿಡುಗಡೆಯಾದ ಸಣ್ಣಕ್ಕಿ ಇದು. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರಿಗೆ ಇದರ ಪರಿಚಯ ಹೇಳಬೇಕಿಲ್ಲ. ‘ಸೋನಾ ಮಸೂರಿ’ ಹೆಸರಿನಲ್ಲಿ ನಮ್ಮ ಪೇಟೆಗೆ ಬರುವ ಅಕ್ಕಿಯಲ್ಲಿ ಇದರ ಪಾಲು ದೊಡ್ಡದು. ಇದರ ಸಿಕೆಎಕ್ಸ್2 ಜೀನನ್ನು ಕೆಡಿಸಿ ತೆನೆಯ ಕಾಳಿನ ಸಂಖ್ಯೆಯನ್ನು ಹೆಚ್ಚಿಸಲಾಗಿದೆ.

ಎಲೆಯ ಬಾಗಿಲು

ಪೂಸಾ ಡಿಎಸ್‌ಟಿಯ ಮೂಲ ತಳಿ ಎಂಟಿಯು 1010. ಆಂಧ್ರದ ಮಾರುಟೇರಿನಲ್ಲಿ ಕೃಷ್ಣವೇಣಿ ಮತ್ತು ಐಆರ್ 64 ತಳಿಗಳ ಸಂಕರದಿಂದ ಬಂದ, ಸುಮಾರು 120–125 ದಿನಗಳ ತಳಿ. ಇಲ್ಲಿ ತಿದ್ದಿರುವುದು ‘ಡಿಎಸ್‌ಟಿ’ ಜೀನ್. ಬರ ಮತ್ತು ಉಪ್ಪಿನ ಸಹಿಷ್ಣುತೆ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳೇ ಇದರ ಹೆಸರು. ಹೆಸರು ನೋಡಿದರೆ ಈ ಜೀನ್ ಸಹಿಷ್ಣುತೆ ಕೊಡುತ್ತದೆ ಅನ್ನಿಸುತ್ತದೆ. ಆದರೆ ಅದು ಸಹಿಷ್ಣುತೆಗೆ ಅಡ್ಡಿ. ಅದನ್ನು ತೆಗೆದಾಗಲೇ ಗಿಡ ಗಟ್ಟಿಯಾಗುತ್ತದೆ.

ಶಾಂಘೈನ ಲಿನ್ ಹಾಂಗ್‌ಶ್ವಾನ್ ಅವರ ತಂಡ 2009ರಲ್ಲಿ ಇದರ ಕೆಲಸವನ್ನು ಬಿಡಿಸಿಟ್ಟಿತು. ಡಿಎಸ್‌ಟಿ ಒಂದು ನಿಯಂತ್ರಕ ಪ್ರೋಟೀನು. ಬೇರೆ ಜೀನುಗಳನ್ನು ಚಾಲೂ ಮಾಡುತ್ತದೆ. ಅದು ಚಾಲೂ ಮಾಡುವ ಜೀನುಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಒಡೆಯುವ ಪೆರಾಕ್ಸಿಡೇಸ್‌ಗಳು ಸೇರಿವೆ. ಎಲೆಯ ಪತ್ರರಂಧ್ರಗಳನ್ನು ಕಾಯುವ ಕಾವಲು ಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚಾದರೆ ರಂಧ್ರ ಮುಚ್ಚಿಕೊಳ್ಳುತ್ತದೆ. ಡಿಎಸ್‌ಟಿ ಇದ್ದಾಗ ಪೆರಾಕ್ಸೈಡ್ ಒಡೆದುಹೋಗಿ ರಂಧ್ರ ತೆರೆದಿರುತ್ತದೆ, ನೀರು ಆವಿಯಾಗುತ್ತಿರುತ್ತದೆ. ಡಿಎಸ್‌ಟಿ ಕೆಟ್ಟರೆ ರಂಧ್ರಗಳು ಬೇಗ ಕಿರಿದಾಗುತ್ತವೆ. ಅವುಗಳ ಸಂಖ್ಯೆಯೂ ಕಡಿಮೆಯಾಗುತ್ತದೆ.

ಉಪ್ಪಿಗೂ ಇದಕ್ಕೂ ಏನು ಸಂಬಂಧ? ಎಲೆಯಿಂದ ಆವಿಯಾಗುವ ನೀರೇ ಬೇರಿನಿಂದ ನೀರನ್ನು ಮೇಲಕ್ಕೆಳೆಯುವುದು. ಮಣ್ಣಿನಲ್ಲಿ ಸೋಡಿಯಂ ಇದ್ದರೆ ಆ ಹರಿವಿನ ಜೊತೆ ಅದೂ ಎಲೆಗೆ ಬಂದು ಸೇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸೋಡಿಯಂ ಎಲೆಯಲ್ಲೇ ಉಳಿಯುತ್ತದೆ. ಸವಳು ಭೂಮಿಯ ಭತ್ತದಲ್ಲಿ ಹಳೆಯ ಎಲೆಗಳ ತುದಿ ಮೊದಲು ಸುಟ್ಟಂತಾಗುವುದು ಇದರಿಂದಲೇ. ಆವಿ ಕಡಿಮೆಯಾದರೆ ಸೋಡಿಯಂ ಬರುವ ವೇಗವೂ ಕಡಿಮೆಯಾಗುತ್ತದೆ.

ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ವಿಶ್ವನಾಥನ್ ಚಿನ್ನುಸಾಮಿ ಅವರ ತಂಡ 2020ರಲ್ಲಿ ಎಂಟಿಯು 1010ರಲ್ಲಿ ಇದನ್ನು ಮಾಡಿ ತೋರಿಸಿತು. ಕತ್ತರಿಸಬೇಕಾದ ಜಾಗ ತೋರಿಸುವ ಎರಡು ಮಾರ್ಗದರ್ಶಿ ಆರ್‌ಎನ್‌ಎಗಳನ್ನು ಬಳಸಿ, ಎರಡು ಜಾಗದಲ್ಲಿ ಕತ್ತರಿಸಿ, ನಡುವಿನ 366 ಅಕ್ಷರಗಳ ತುಂಡನ್ನು ತೆಗೆದರು. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲದ ಲೆಕ್ಕದಲ್ಲಿ ಅದು ಸರಿಯಾಗಿ 122 ಅಮೈನೋ ಆಮ್ಲಗಳು. ಪ್ರೋಟೀನಿನ 184ರಿಂದ 305ರವರೆಗಿನ ಭಾಗ. ಆ ಗಿಡಗಳ ಎಲೆ ಅಗಲವಾಯಿತು, ಪತ್ರರಂಧ್ರಗಳು ವಿರಳವಾದವು, ಒಣಗಿಸಿದಾಗ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚಿತು. ಸಸಿಯ ಹಂತದಲ್ಲಿ ಉಪ್ಪನ್ನು ಚೆನ್ನಾಗಿಯೇ ತಾಳಿಕೊಂಡವು. ನೀರಿನ ಒತ್ತಡವನ್ನು ತಾಳಿದ್ದು ಮಧ್ಯಮ ಮಟ್ಟದಲ್ಲಿ. ಈ ಕೊನೆಯ ವ್ಯತ್ಯಾಸ ಮುಖ್ಯ. ತಳಿಯ ಹೆಸರಿನಲ್ಲಿ ಬರವೂ ಇದೆ, ಉಪ್ಪೂ ಇದೆ. ಎರಡರಲ್ಲೂ ಸಮಾನ ಫಲ ಸಿಗುತ್ತದೆ ಎಂದು ಹೆಸರನ್ನು ನೋಡಿ ನಂಬಬಾರದು.

ಈಗ ಎರಡು ಕಥೆಗಳು ಕೂಡುವ ಜಾಗ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಚೀನಾದ ಸಂಶೋಧಕರು ತೋರಿಸಿದ್ದು ಹೀಗೆ: ತೆನೆಯ ತುದಿಯಲ್ಲಿ ಡಿಎಸ್‌ಟಿ ಪ್ರೋಟೀನು ನೇರವಾಗಿ ಸಿಕೆಎಕ್ಸ್2 ಜೀನನ್ನೇ ಚಾಲೂ ಮಾಡುತ್ತದೆ. ಡಿಎಸ್‌ಟಿಯಲ್ಲಿ ಬದಲಾವಣೆಯಾದ ಗಿಡದಲ್ಲಿ ಸಿಕೆಎಕ್ಸ್2 ತಗ್ಗಿ, ಸೈಟೊಕೈನಿನ್ ಏರಿ, ಕಾಳಿನ ಸಂಖ್ಯೆ ಹೆಚ್ಚಿತು. ಅಂದರೆ ದೆಹಲಿಯ ತಳಿಯಲ್ಲಿ ಮೇಲಿನ ನಿಯಂತ್ರಕವನ್ನು, ಹೈದರಾಬಾದಿನ ತಳಿಯಲ್ಲಿ ಅದು ನಿಯಂತ್ರಿಸುವ ಕಿಣ್ವವನ್ನು ಮುಟ್ಟಲಾಗಿದೆ. ಇದರಿಂದ ಎರಡು ಪ್ರಾಯೋಗಿಕ ತೀರ್ಮಾನಗಳು ಹೊರಡುತ್ತವೆ. ಒಂದು, ಪೂಸಾ ಡಿಎಸ್‌ಟಿಯ ಹೆಚ್ಚುವರಿ ಇಳುವರಿಯಲ್ಲಿ ಎಷ್ಟು ಉಪ್ಪು ತಾಳಿಕೊಂಡದ್ದರಿಂದ, ಎಷ್ಟು ಕಾಳು ಹೆಚ್ಚಿದ್ದರಿಂದ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಒಳ್ಳೆಯ ಭೂಮಿಯ ತಾಕನ್ನೂ ಜೊತೆಗಿಟ್ಟು ಅಳೆಯದಿದ್ದರೆ ಅದು ಗೊತ್ತಾಗುವುದಿಲ್ಲ. ಎರಡು, ಎರಡೂ ತಿದ್ದುಪಡಿಗಳನ್ನು ಒಂದೇ ಗಿಡಕ್ಕೆ ತಂದರೆ ಇಳುವರಿಯ ಹೆಚ್ಚಳ ದುಪ್ಪಟ್ಟಾಗುತ್ತದೆ ಎಂಬ ಆಸೆಗೆ ಆಧಾರ ಕಡಿಮೆ. ಕಾಳಿನ ಮಟ್ಟಿಗೆ ದಾರಿ ಒಂದೇ.

ಕತ್ತರಿಯ ಕೆಲಸ, ಹಂತ ಹಂತವಾಗಿ

ಜೀನ್ ತಿದ್ದುವ ಕ್ರಿಸ್ಪರ್-ಕ್ಯಾಸ್9 ವಿಧಾನಕ್ಕೆ 2020ರ ರಸಾಯನಶಾಸ್ತ್ರದ ನೊಬೆಲ್ ಎಮ್ಯಾನುಯೆಲ್ ಶಾರ್ಪಾಂಟಿಯೇ ಮತ್ತು ಜೆನಿಫರ್ ಡೌಡ್ನಾ ಅವರಿಗೆ ಸಂದಿತು. ಕ್ಯಾಸ್9 ಎಂಬ ಕತ್ತರಿಸುವ ಪ್ರೋಟೀನಿಗೆ 20 ಅಕ್ಷರಗಳ ಮಾರ್ಗದರ್ಶಿ ಆರ್‌ಎನ್‌ಎ ದಾರಿ ತೋರಿಸುತ್ತದೆ. ಆ 20 ಅಕ್ಷರಗಳಿಗೆ ಹೊಂದುವ ಜಾಗದ ಪಕ್ಕದಲ್ಲೇ, ಯಾವುದಾದರೂ ಒಂದು ಅಕ್ಷರದ ನಂತರ ಎರಡು ‘ಜಿ’ಗಳಿರಬೇಕು, ಇಲ್ಲದಿದ್ದರೆ ಕ್ಯಾಸ್9 ಅಲ್ಲಿ ಕೂರುವುದಿಲ್ಲ. ಕೂತರೆ ಆ ಗುರುತಿಗೆ ಮೂರು ಅಕ್ಷರ ಹಿಂದೆ ಡಿಎನ್‌ಎಯ ಎರಡೂ ಎಳೆಗಳು ತುಂಡಾಗುತ್ತವೆ. ಮುಂದಿನದು ಗಿಡದ ಕೆಲಸ. ಕೋಶ ತುಂಡಾದ ತುದಿಗಳನ್ನು ತರಾತುರಿಯಲ್ಲಿ ಜೋಡಿಸುತ್ತದೆ, ಜೋಡಿಸುವಾಗ ಒಂದೆರಡು ಅಕ್ಷರ ಹೆಚ್ಚು ಕಡಿಮೆಯಾಗುತ್ತದೆ. ಆ ಸಂಖ್ಯೆ ಮೂರರ ಗುಣಕವಲ್ಲದಿದ್ದರೆ ಮುಂದಿನ ಓದು ಪೂರ್ತಿ ತಪ್ಪಿ ಜೀನ್ ಕೆಡುತ್ತದೆ.

ಭತ್ತದಲ್ಲಿ ಇದನ್ನು ಮಾಡಲು ಸಾಮಾನ್ಯವಾಗಿ ಬೀಜದ ಭ್ರೂಣದಿಂದ ಕೋಶಗಳ ಗಡ್ಡೆ, ಅಂದರೆ ಕ್ಯಾಲಸ್ ಬೆಳೆಸುತ್ತಾರೆ. ಅದಕ್ಕೆ, ಗಿಡದ ಕೋಶಕ್ಕೆ ಜೀನ್ ಸಾಗಿಸುವ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ, ಕ್ಯಾಸ್9, ಮಾರ್ಗದರ್ಶಿ ಆರ್‌ಎನ್‌ಎ ಮತ್ತು ಹೈಗ್ರೊಮೈಸಿನ್ ಎಂಬ ಪ್ರತಿಜೀವಕವನ್ನು ತಾಳುವ ಗುರುತು ಜೀನನ್ನು ಸೇರಿಸಿ, ಹೈಗ್ರೊಮೈಸಿನ್ ಇರುವ ಮಾಧ್ಯಮದಲ್ಲಿ ಉಳಿದ ಕೋಶಗಳಿಂದ ಗಿಡ ಪಡೆಯುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಇಂಡಿಕಾ ಗುಂಪಿನ ತಳಿಗಳ ಕ್ಯಾಲಸ್, ಜಪಾನಿನಂಥ ಕಡೆ ಬೆಳೆಯುವ ಜಪಾನಿಕಾದಷ್ಟು ಸುಲಭವಾಗಿ ಗಿಡವಾಗುವುದಿಲ್ಲ, ಕಂದುಗಟ್ಟಿ ಸಾಯುವುದೇ ಹೆಚ್ಚು. ಭಾರತದ ಜನಪ್ರಿಯ ತಳಿಗಳಲ್ಲಿ ಈ ಕೆಲಸ ತಡವಾದದ್ದಕ್ಕೆ ಇದೂ ಒಂದು ಕಾರಣ.

ಈ ಹಂತದ ಗಿಡ ಖಂಡಿತವಾಗಿ ಕುಲಾಂತರಿಯೇ. ಬ್ಯಾಕ್ಟೀರಿಯಾದ ಜೀನ್ ಅದರಲ್ಲಿದೆ. ಅದನ್ನು ಹೊರಹಾಕುವುದು ಮುಂದಿನ ಪೀಳಿಗೆಯಲ್ಲಿ. ಕ್ಯಾಸ್9 ಸೇರಿದ ಜಾಗವೂ ತಿದ್ದಿದ ಜೀನಿನ ಜಾಗವೂ ಬೇರೆ ಬೇರೆ ಕ್ರೋಮೋಸೋಮುಗಳಲ್ಲಿದ್ದರೆ ಮೆಂಡೆಲ್ ನಿಯಮದಂತೆ ಅವು ಸ್ವತಂತ್ರವಾಗಿ ಹಂಚಿಕೆಯಾಗುತ್ತವೆ. ಕ್ಯಾಸ್9 ಒಂದೇ ಪ್ರತಿ ಸೇರಿದ್ದು, ಮೊದಲ ಗಿಡದಲ್ಲಿ ಜೀನಿನ ಒಂದು ಪ್ರತಿ ಮಾತ್ರ ತಿದ್ದಿದ್ದರೆ, ಸ್ವಪರಾಗಸ್ಪರ್ಶದ ಮಕ್ಕಳಲ್ಲಿ ಕ್ಯಾಸ್9 ಇಲ್ಲದವು ನಾಲ್ಕರಲ್ಲಿ ಒಂದು, ಎರಡೂ ಪ್ರತಿ ತಿದ್ದಿದವು ನಾಲ್ಕರಲ್ಲಿ ಒಂದು, ಎರಡೂ ಗುಣ ಕೂಡಿದವು ಹದಿನಾರರಲ್ಲಿ ಒಂದು. ಅಂಥ ಒಂದು ಗಿಡವಾದರೂ ಸಿಗುವ ಸಂಭವ ಶೇ 95 ಇರಬೇಕಾದರೆ 47 ಗಿಡಗಳನ್ನು ಪರೀಕ್ಷಿಸಬೇಕು. ಮೊದಲ ಗಿಡದಲ್ಲೇ ಎರಡೂ ಪ್ರತಿ ತಿದ್ದಿದ್ದರೆ 11 ಗಿಡ ಸಾಕು.

ತಪ್ಪುಗಳು ನುಸುಳುವುದು ಪರೀಕ್ಷೆಯಲ್ಲಿ. ಕ್ಯಾಸ್9 ಮತ್ತು ಹೈಗ್ರೊಮೈಸಿನ್ ಜೀನುಗಳಿಗೆ ಮಾತ್ರ ಪಿಸಿಆರ್ (ಆಯ್ದ ಡಿಎನ್‌ಎ ತುಣುಕು ಇದೆಯೇ ಎಂದು ನೋಡುವ ಪರೀಕ್ಷೆ) ಮಾಡಿ ‘ಇಲ್ಲ’ ಎಂದು ಬಂದರೆ ಸಾಲದು. ವಾಹಕ ಡಿಎನ್‌ಎಯ (ಈ ಜೀನುಗಳನ್ನು ಹೊತ್ತು ತಂದ ಡಿಎನ್‌ಎ) ಬೇರೊಂದು ತುಂಡು ಮುರಿದು ಎಲ್ಲೋ ಸೇರಿಕೊಂಡಿರಬಹುದು. ಅಮೆರಿಕದಲ್ಲಿ ಜೀನ್ ತಿದ್ದುಪಡಿಯಿಂದ ಕೊಂಬಿಲ್ಲದಂತೆ ಮಾಡಿದ ಹಸುಗಳಲ್ಲಿ ಹೀಗೇ ಆಗಿತ್ತು. ಹೊರಗಿನ ಡಿಎನ್‌ಎ ಇಲ್ಲವೆಂದೇ ಪ್ರಚಾರವಾಗಿದ್ದ ಪ್ರಾಣಿಗಳಲ್ಲಿ ಪ್ರತಿಜೀವಕ ನಿರೋಧಕ ಜೀನು ಸಹಿತ ವಾಹಕದ ಭಾಗ ಉಳಿದಿದ್ದನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು 2019ರಲ್ಲಿ ಪತ್ತೆಹಚ್ಚಿದರು. ಸುಮಾರು 39 ಕೋಟಿ ಅಕ್ಷರಗಳ ಭತ್ತದ ಜೀನೋಮನ್ನು ಪೂರ್ತಿ ಓದಿ, ವಾಹಕದ ಪ್ರತಿ ತುಂಡಿಗೂ ಹೋಲಿಸಿ ನೋಡುವುದು ಇಂದು ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ಬಿಡುಗಡೆಯಾಗುವ ಪ್ರತಿ ತಳಿಗೂ ಆ ಓದನ್ನು ಸಾರ್ವಜನಿಕವಾಗಿಡಬೇಕು.

ಬೇಡದ ಜಾಗದಲ್ಲಿ ಕತ್ತರಿಸುವ ಭಯದ ಬಗ್ಗೆ ಒಂದು ಮಾತು. ಮಾರ್ಗದರ್ಶಿಯನ್ನು ಎಚ್ಚರದಿಂದ ಆರಿಸಿದರೆ ಭತ್ತದಲ್ಲಿ ಅದು ಅಪರೂಪ. ಪೂರ್ಣ ಜೀನೋಮ್ ಓದಿ ಮಾಡಿದ ಅಧ್ಯಯನಗಳಲ್ಲಿ ಕಂಡ ಹೆಚ್ಚುವರಿ ಬದಲಾವಣೆಗಳಲ್ಲಿ ಹೆಚ್ಚಿನವು ಕತ್ತರಿಯಿಂದ ಬಂದವಲ್ಲ, ಕ್ಯಾಲಸ್ ಬೆಳೆಸುವ ಪ್ರಕ್ರಿಯೆಯಿಂದ ಬಂದವು. ಈ ಸಂಗತಿ ಸಮಾಧಾನ ಕೊಡುವಂಥದ್ದು ನಿಜ. ಅದೇ ಹೊತ್ತಿಗೆ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಕಮಲಾ ತಾಯಿ ತಳಿಗಿಂತ ಸುಮಾರು 20 ದಿನ ಮೊದಲು, 130 ದಿನಗಳಲ್ಲಿ ಮಾಗುತ್ತದೆ ಎಂದು ಹೇಳಲಾಗಿದೆ. ನಗೋಯಾದಿಂದ ಬಂದ ಮೂಲ ಸಂಶೋಧನೆ ಕಾಳಿನ ಸಂಖ್ಯೆಯ ಬಗ್ಗೆ; ಇಪ್ಪತ್ತು ದಿನಗಳ ಅವಸರದ ಬಗ್ಗೆ ಅಲ್ಲ. ಆ ಗುಣ ಸಿಕೆಎಕ್ಸ್2ರಿಂದಲೇ ಬಂದದ್ದೋ, ಕ್ಯಾಲಸ್‌ನಲ್ಲಿ ಆಕಸ್ಮಿಕವಾಗಿ ಆದ ಬೇರೊಂದು ಬದಲಾವಣೆಯಿಂದಲೋ? ಇದನ್ನು ಪರೀಕ್ಷಿಸುವುದು ಸುಲಭ. ಅದೇ ಕ್ಯಾಲಸ್‌ನಿಂದ ಬಂದು ಸಿಕೆಎಕ್ಸ್2 ಮಾತ್ರ ಸರಿಯಾಗಿರುವ ಒಡಹುಟ್ಟಿದ ಗಿಡಗಳನ್ನು ಪಕ್ಕದಲ್ಲಿ ಬೆಳೆಸಬೇಕು, ಬೇರೆ ಕ್ಯಾಲಸ್‌ನಿಂದ ಸ್ವತಂತ್ರವಾಗಿ ತಿದ್ದಿದ ಇನ್ನೊಂದು ಸಾಲನ್ನೂ ಬೆಳೆಸಬೇಕು. ತಿದ್ದಿದ ಎಲ್ಲ ಸಾಲುಗಳೂ ಬೇಗ ಮಾಗಿ, ತಿದ್ದದವು ತಡವಾದರೆ ಉತ್ತರ ಸಿಕ್ಕಂತೆ.

ಶೇಕಡಾವಾರಿನ ಒಳಗೆ

ಸರ್ಕಾರ ಪ್ರಕಟಿಸಿದ ಅಂಕಿ ಹೀಗಿದೆ: ಎರಡು ವರ್ಷ, 25 ಸ್ಥಳಗಳಲ್ಲಿ ಸಾಂಬಾ ಮಸೂರಿಯ ಸರಾಸರಿ ಹೆಕ್ಟೇರಿಗೆ 4.5 ಟನ್, ಕಮಲಾದ್ದು 5.37 ಟನ್. ಹೆಚ್ಚಳ ಶೇ 19. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 350 ಕಿಲೋ, ತುಂಗಭದ್ರಾ ಭಾಗದ 75 ಕಿಲೋ ಚೀಲದ ಲೆಕ್ಕದಲ್ಲಿ ನಾಲ್ಕೂವರೆ ಚೀಲಕ್ಕೆ ಸ್ವಲ್ಪ ಮೇಲೆ. ಆದರೆ ಹೆಕ್ಟೇರಿಗೆ 4.5 ಟನ್ ಎಂದರೆ ಎಕರೆಗೆ 24 ಚೀಲ. ಗಂಗಾವತಿ–ಸಿಂಧನೂರಿನಲ್ಲಿ ನೀರು, ಗೊಬ್ಬರ ಸರಿಯಾಗಿ ಸಿಕ್ಕ ಹೊಲ 35 ಚೀಲ ಮೀರುತ್ತದೆ. 24 ಚೀಲದ ತಾಕಿನಲ್ಲಿ ಕಂಡ ಶೇ 19ನ್ನು 35 ಚೀಲದ ಹೊಲಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಇದಕ್ಕೆ ಶರೀರಕ್ರಿಯೆಯ ಕಾರಣವಿದೆ. ಕಾಳಿನ ಸಂಖ್ಯೆ ಹೆಚ್ಚಿಸುವುದೆಂದರೆ ತುಂಬಬೇಕಾದ ಪಾತ್ರೆಗಳನ್ನು ಹೆಚ್ಚಿಸಿದಂತೆ; ತುಂಬುವ ಹಿಟ್ಟು ಎಲೆಯಿಂದಲೇ ಬರಬೇಕು. ತೆನೆಯ ಬುಡದ ಕಡೆಯ ಎರಡನೇ ಹಂತದ ಕವಲುಗಳಲ್ಲಿ ಕೊನೆಗೆ ಅರಳುವ ಹೂಗಳು ಈ ಪೈಪೋಟಿಯಲ್ಲಿ ಸೋಲುತ್ತವೆ. ಎಲೆಗೆ ರೋಗ ತಗುಲಿದರೆ, ಮೋಡ ಕವಿದರೆ, ಸಾರಜನಕ ಕಡಿಮೆಯಾದರೆ ಅವೇ ಮೊದಲು ಜೊಳ್ಳಾಗುತ್ತವೆ. ಭತ್ತ ಒಂದು ಟನ್ ಇಳುವರಿಗೆ ಸುಮಾರು 15–20 ಕಿಲೋ ಸಾರಜನಕ ಎಳೆದುಕೊಳ್ಳುತ್ತದೆ. ಹಾಗಾಗಿ ಹೆಚ್ಚುವರಿ 0.87 ಟನ್ನಿಗೆ ಹೆಕ್ಟೇರಿಗೆ ಇನ್ನೂ 13–17 ಕಿಲೋ ಬೇಕು. ತೆನೆ ಭಾರವಾದರೆ ಗಿಡ ಮಲಗುವ ಅಪಾಯವೂ ಇದೆ. ನಗೋಯಾದ ತಂಡ ಇದನ್ನು ಮೊದಲೇ ಗಮನಿಸಿ ಕುಳ್ಳುತನದ ಜೀನನ್ನು ಜೊತೆಗೆ ಸೇರಿಸಿ ಬೆಳೆಸಿತ್ತು.

ಹಾಂಗ್‌ಝೌನಲ್ಲಿರುವ ಚೀನಾ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಕೆಲಸವನ್ನು ಇಲ್ಲಿ ನೆನೆಯಲೇಬೇಕು. ಅಲ್ಲಿನವರು ಇದೇ ಜಿಎನ್1ಎ ಜೀನನ್ನೂ (ಅಂದರೆ ಸಿಕೆಎಕ್ಸ್2) ಕಾಳಿನ ಗಾತ್ರದ ಇನ್ನೊಂದು ಜೀನನ್ನೂ ಐದು ತಳಿಗಳಲ್ಲಿ ತಿದ್ದಿ ನೋಡಿದರು. ಒಂದೇ ತಿದ್ದುಪಡಿ ಕೆಲವು ತಳಿಗಳಲ್ಲಿ ಇಳುವರಿ ಏರಿಸಿತು, ಕೆಲವುಗಳಲ್ಲಿ ಇಳಿಸಿತು. ಜೀನಿನ ಫಲ ತಳಿಯ ಉಳಿದ ಜೀನುಗಳ ಮೇಲೆ ನಿಂತಿದೆ. ಆದ್ದರಿಂದ ‘ಸಿಕೆಎಕ್ಸ್2 ತಿದ್ದಿದರೆ ಇಳುವರಿ ಹೆಚ್ಚುತ್ತದೆ’ ಎಂಬುದು ಸಾರ್ವತ್ರಿಕ ಸತ್ಯವಲ್ಲ. ಸಾಂಬಾ ಮಸೂರಿಯಲ್ಲಿ ಆಯಿತು ಎಂದು ಗಂಗಾವತಿ ಸೋನಾ ತಳಿಯಲ್ಲೂ ಆಗುತ್ತದೆ ಎಂದು ಹೇಳಬರುವುದಿಲ್ಲ. ಪ್ರತಿ ತಳಿಯಲ್ಲೂ ಹೊಸದಾಗಿ ಅಳೆಯಬೇಕು.

ಪೂಸಾ ಡಿಎಸ್‌ಟಿಯ ಅಂಕಿಗಳಲ್ಲಿ ಇನ್ನೊಂದು ಬಗೆಯ ಎಚ್ಚರ ಬೇಕು. ಒಳನಾಡಿನ ಸವಳು ಭೂಮಿಯಲ್ಲಿ ಹೆಕ್ಟೇರಿಗೆ 3,508 ಕಿಲೋ, ಮೂಲ ತಳಿಯದು 3,199. ಹೆಚ್ಚಳ ಶೇ 9.66. ಕ್ಷಾರ ಭೂಮಿಯಲ್ಲಿ 3,731 ಮತ್ತು 3,254, ಶೇ 14.66. ಕರಾವಳಿಯ ಉಪ್ಪು ಭೂಮಿಯಲ್ಲಿ 2,493 ಮತ್ತು 1,912; ಶೇ 30.4. ಮೊದಲು ಕಣ್ಣಿಗೆ ಬೀಳುವುದು ಕೊನೆಯ ಸಂಖ್ಯೆ. ಶೇಕಡಾವಾರು ಅಷ್ಟು ದೊಡ್ಡದಾಗಿ ಕಾಣಲು ಒಂದು ಕಾರಣ ಮೂಲ ಇಳುವರಿ ಅಷ್ಟು ಚಿಕ್ಕದಾಗಿರುವುದು. ಎಕರೆಗೆ ಚೀಲದಲ್ಲಿ ಹೇಳಿದರೆ ಮೂರೂ ಸಂದರ್ಭಗಳಲ್ಲಿ ಹೆಚ್ಚಳ ಸುಮಾರು 1.7, 2.6 ಮತ್ತು 3.1 ಚೀಲ. ಕೈಗೆ ಬರುವ ಲಾಭವೇ ಸರಿ, ಆದರೆ ಸವಳು ಭೂಮಿ ಒಳ್ಳೆಯ ಭೂಮಿಯಾಗಿಬಿಡುವುದಿಲ್ಲ.

ನೀರಿನ ಲೆಕ್ಕವನ್ನೂ ಬಿಡಿಸಿ ನೋಡೋಣ. 50 ಲಕ್ಷ ಹೆಕ್ಟೇರಿನಲ್ಲಿ ಈ ತಳಿಗಳನ್ನು ಬೆಳೆದರೆ 45 ಲಕ್ಷ ಟನ್ ಹೆಚ್ಚು ಭತ್ತ, 750 ಕೋಟಿ ಘನ ಮೀಟರ್ ನೀರಿನ ಉಳಿತಾಯ ಎಂದು ಸರ್ಕಾರ ಅಂದಾಜಿಸಿದೆ. ಆ ನೀರು ಸುಮಾರು 265 ಟಿಎಂಸಿ ಅಡಿ. ತುಂಗಭದ್ರಾ ಜಲಾಶಯದ ಈಗಿನ ಸಾಮರ್ಥ್ಯದ ಎರಡೂವರೆ ಪಟ್ಟು. ಹೆಕ್ಟೇರಿಗೆ ಭಾಗಿಸಿದರೆ 1,500 ಘನ ಮೀಟರ್, ಅಂದರೆ 15 ಸೆಂಟಿಮೀಟರ್ ಎತ್ತರದ ನೀರು, ಐದೈದು ಸೆಂಟಿಮೀಟರಿನ ಮೂರು ಸರದಿ. 20 ದಿನ ಮೊದಲು ಮಾಗುವ ತಳಿಗೆ ಇದು ಒಪ್ಪುವ ಸಂಖ್ಯೆಯೇ. ಆದರೆ ಕಾಲುವೆಯ ನೀರು ಸರದಿಯ ಮೇಲೆ ಹರಿಯುವ ಕಡೆ, ಒಬ್ಬ ರೈತನ ಬೆಳೆ ಬೇಗ ಮಾಗಿದ ಮಾತ್ರಕ್ಕೆ ಕಾಲುವೆ ನಿಲ್ಲುವುದಿಲ್ಲ. ಇಡೀ ವಿತರಣಾ ಕಾಲುವೆಯ ರೈತರು ಒಟ್ಟಿಗೆ ಬದಲಾಯಿಸಿದಾಗ ಮಾತ್ರ ಆ ನೀರು ಜಲಾಶಯದಲ್ಲಿ ಉಳಿಯುತ್ತದೆ. 45 ಲಕ್ಷ ಟನ್ನಿನ ಲೆಕ್ಕವೂ ಹೆಕ್ಟೇರಿಗೆ 0.9 ಟನ್, ಪ್ರಯೋಗದ ತಾಕಿನ ಸರಾಸರಿಯನ್ನು ರೈತರ ಹೊಲಕ್ಕೆ ಬಹುತೇಕ ಹಾಗೇ ಹೊತ್ತು ತಂದದ್ದು.

2025ರ ಕೊನೆಯ ತಿಂಗಳುಗಳಲ್ಲಿ ಕುಲಾಂತರಿ ವಿರೋಧಿ ಒಕ್ಕೂಟ, ಅಖಿಲ ಭಾರತ ಭತ್ತ ಸಂಶೋಧನಾ ಯೋಜನೆಯ ವಾರ್ಷಿಕ ವರದಿಗಳನ್ನೇ ಮುಂದಿಟ್ಟು, ಹಲವು ಸ್ಥಳಗಳಲ್ಲಿ ಹೊಸ ತಳಿಗಳು ಮೂಲ ತಳಿಗಿಂತ ಮೇಲಾಗಿಲ್ಲ ಎಂದು ಆರೋಪಿಸಿತು. ಭಾರತೀಯ ಕೃಷಿ ಸಂಶೋಧನಾ ಮಂಡಳಿ ಅದನ್ನು ತಳ್ಳಿಹಾಕಿತು. ಈ ಜಗಳ ಹೇಳಿಕೆಗಳಿಂದ ಮುಗಿಯುವಂಥದ್ದಲ್ಲ. ಪ್ರತಿ ಸ್ಥಳದ, ಪ್ರತಿ ಪುನರಾವರ್ತನೆಯ ತಾಕಿನ ಅಂಕಿಗಳನ್ನು ಬಿಡಿಬಿಡಿಯಾಗಿ ಪ್ರಕಟಿಸಬೇಕು. ಓದುವವರು ಸರಾಸರಿಯ ಪಕ್ಕದಲ್ಲಿರುವ ‘ನಿರ್ಣಾಯಕ ವ್ಯತ್ಯಾಸ’ದ, ಅಂದರೆ ಆಕಸ್ಮಿಕವಲ್ಲ ಎನ್ನಲು ಬೇಕಾದ ಕನಿಷ್ಠ ಅಂತರದ, ಕಾಲಮನ್ನು ನೋಡಬೇಕು. ಒಂದು ಸ್ಥಳದಲ್ಲಿ ಆ ಸಂಖ್ಯೆ ಅರ್ಧ ಟನ್ ಇದ್ದರೆ, 0.3 ಟನ್ನಿನ ಮೇಲುಗೈಯೂ ಲೆಕ್ಕಕ್ಕಿಲ್ಲ, 0.3 ಟನ್ನಿನ ಹಿನ್ನಡೆಯೂ ಲೆಕ್ಕಕ್ಕಿಲ್ಲ. ಎರಡು ಪಕ್ಷಗಳೂ ತಮಗೆ ಬೇಕಾದ ಸ್ಥಳಗಳನ್ನು ಆರಿಸಿ ತೋರಿಸಲು ಸಾಧ್ಯವಾಗುವುದು ಈ ಕಾಲಮನ್ನು ಬಿಟ್ಟಾಗ. ಸಾರ್ವಜನಿಕ ಹಣದಲ್ಲಿ ನಡೆದ ಪ್ರಯೋಗದ ಅಂಕಿಯನ್ನು ಕೇಳಿದವರೆಲ್ಲರಿಗೂ ಕೊಡುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಬೆಲೆ ತೆರುವುದು ಎಲ್ಲಿ?

ಪತ್ರರಂಧ್ರ ಕಡಿಮೆಯಾದರೆ ಒಳಬರುವ ಇಂಗಾಲದ ಡೈಆಕ್ಸೈಡ್ ಕೂಡ ಕಡಿಮೆಯಾಗಬಹುದು, ಎಲೆ ತಣ್ಣಗಾಗುವುದೂ ಕುಗ್ಗಬಹುದು. ಭತ್ತಕ್ಕೆ ಹೂ ಬಿಡುವ ಹೊತ್ತಿನಲ್ಲಿ ತಾಪಮಾನ ಸುಮಾರು 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ಬೇಸಿಗೆ ಹಂಗಾಮಿನ ರಾಯಚೂರು–ಬಳ್ಳಾರಿಯಲ್ಲಿ ಇದು ಪುಸ್ತಕದ ಮಾತಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ಪುರಾವೆಯೂ ಇದೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2019ರಲ್ಲಿ ಐಆರ್ 64 ತಳಿಯಲ್ಲಿ ಬೇರೊಂದು ಜೀನಿನ ಮೂಲಕ ಪತ್ರರಂಧ್ರಗಳನ್ನು ಕಡಿಮೆ ಮಾಡಿದಾಗ, ಆ ಗಿಡಗಳು ನಾಲ್ಕನೇ ಮತ್ತು ಐದನೇ ವಾರದ ನಡುವೆ ಸಾಮಾನ್ಯ ಗಿಡದ ಶೇ 60ರಷ್ಟು ನೀರನ್ನು ಮಾತ್ರ ಬಳಸಿದವು. ಬರ ಬಂದಾಗ ಉಳಿಸಿದ ನೀರಿನಿಂದ ಹೆಚ್ಚು ಕಾಲ ತಾಳಿದವು. ಹಾಗಾಗಿ ಪೂಸಾ ಡಿಎಸ್‌ಟಿಯನ್ನು ಬೇಸಿಗೆ ಹಂಗಾಮಿನಲ್ಲಿ, ಹೂವಿನ ಹಂತದಲ್ಲಿ, ತೆನೆಯ ತಾಪಮಾನ ಅಳೆದು ಪರೀಕ್ಷಿಸಬೇಕು. ಮುಂಗಾರಿನ ಅಂಕಿ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಇನ್ನೊಂದು ಮಿತಿ ಸರಳವಾದದ್ದು. ತಿದ್ದಿದ್ದು ಒಂದು ಜೀನ್. ಮೂಲ ತಳಿಯ ಉಳಿದ ದೌರ್ಬಲ್ಯಗಳನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ. ಸಾಂಬಾ ಮಸೂರಿ ದುಂಡಾಣು ಅಂಗಮಾರಿಗೂ ಬೆಂಕಿ ರೋಗಕ್ಕೂ ಬೇಗ ಬಲಿಯಾಗುತ್ತದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ ಹಾಗೂ ಅಂದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಸೇರಿ ಮೂರು ನಿರೋಧಕ ಜೀನುಗಳನ್ನು ಸಂಕರದ ಮೂಲಕ ತಂದು, 2008ರಲ್ಲಿ ‘ಸುಧಾರಿತ ಸಾಂಬಾ ಮಸೂರಿ’ಯನ್ನು ಬಿಡುಗಡೆ ಮಾಡಿದ್ದು ಇದೇ ಕಾರಣಕ್ಕೆ. ಅದರಲ್ಲಿ ಕತ್ತರಿ ಇರಲಿಲ್ಲ. ಡಿಎನ್‌ಎ ಗುರುತುಗಳ ನೆರವಿನಿಂದ ಮಾಡಿದ ಸಂಕರ ಅಷ್ಟೆ. ಕಾಳು ಹೆಚ್ಚಿಸುವ ತಿದ್ದುಪಡಿಯನ್ನು ಆ ನಿರೋಧಕ ತಳಿಯ ಮೇಲೆ ಕೂರಿಸಿದರೆ ತುಂಗಭದ್ರೆಯ ರೈತರಿಗೆ ಹೆಚ್ಚು ಉಪಯೋಗ.

ಉಪ್ಪಿನ ವಿಷಯದಲ್ಲೂ ಹಾಗೆಯೇ. ಬಂಗಾಳದ ‘ನೋನಾ ಬೋಕ್ರಾ’ ಎಂಬ ನಾಟಿ ಭತ್ತದಿಂದ, ಕಾಂಡದ ನೀರಿನ ನಾಳದಲ್ಲಿ ಹರಿಯುವ ಸೋಡಿಯಮ್ಮನ್ನು ಹಿಂದಕ್ಕೆಳೆದು ಎಲೆಯನ್ನು ಕಾಪಾಡುವ ಜೀನನ್ನು 2005ರಲ್ಲಿ ಪತ್ತೆಹಚ್ಚಿದ್ದು ಲಿನ್ ಅವರ ಅದೇ ಶಾಂಘೈ ತಂಡ. ಡಿಎಸ್‌ಟಿ ತಿದ್ದುಪಡಿ ಹರಿವನ್ನು ತಗ್ಗಿಸುತ್ತದೆ, ಆ ಜೀನ್ ಹರಿವಿನಿಂದ ಉಪ್ಪನ್ನು ಹೊರಗಿಡುತ್ತದೆ. ಇವೆರಡು ಬೇರೆ ಬೇರೆ ದಾರಿಗಳಾದ್ದರಿಂದ ಕೂಡಿಸಿದರೆ ಫಲವೂ ಕೂಡುವ ಸಂಭವವಿದೆ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿನ ನಡುವೆಯೇ ಬೆಳೆಯುವ ನಮ್ಮ ಕಗ್ಗ ಭತ್ತವನ್ನೂ ಈ ಕಣ್ಣಿನಿಂದ ನೋಡಬೇಕು. ಅದು ಯಾವ ದಾರಿಯಿಂದ ತಾಳಿಕೊಳ್ಳುತ್ತದೆ ಎಂಬ ವಿವರವಾದ ಶರೀರಕ್ರಿಯಾ ಅಧ್ಯಯನ, ಒಂದು ತಿದ್ದಿದ ತಳಿಯಷ್ಟೇ ಬೆಲೆಬಾಳುತ್ತದೆ. ಗಜನಿಗಳಲ್ಲಿ ಕಗ್ಗ ಬಿತ್ತುವವರು ಕಡಿಮೆಯಾಗುತ್ತಿರುವಾಗ ಈ ಕೆಲಸಕ್ಕೆ ಅವಸರವಿದೆ.

ಹೊಸ ತಳಿ ಬರುವವರೆಗೆ, ಬಂದ ಮೇಲೂ, ಸವಳು–ಜವಳು ಭೂಮಿಯ ಚಿಕಿತ್ಸೆ ಬದಲಾಗುವುದಿಲ್ಲ. ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮೆನ್ಸ್ (ಲವಣಾಂಶ ಅಳೆಯುವ ಮಾನ) ದಾಟಿದ ಮೇಲೆ ಪ್ರತಿ ಒಂದು ಹೆಚ್ಚಳಕ್ಕೆ ಭತ್ತದ ಇಳುವರಿ ಸುಮಾರು ಶೇ 12ರಂತೆ ಕುಸಿಯುತ್ತದೆ. ಪಿಎಚ್ 8.5 ಮೀರಿ ಸೋಡಿಯಂ ಹೆಚ್ಚಿದ ಕ್ಷಾರ ಭೂಮಿಗೆ ಮಣ್ಣು ಪರೀಕ್ಷೆಯ ಪ್ರಕಾರ ಜಿಪ್ಸಂ ಬೇಕು. ಬರಿಯ ಸವಳಿಗೆ ಜಿಪ್ಸಂ ಹಾಕಿ ಪ್ರಯೋಜನವಿಲ್ಲ, ಉಪ್ಪನ್ನು ತೊಳೆದು ಹೊರಹಾಕುವ ಬಸಿಗಾಲುವೆ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಭೂಮಿಗಳ ಮೇಲೆ ದೀರ್ಘ ಕಾಲದಿಂದ ಕೆಲಸ ಮಾಡುತ್ತಿದೆ. ಭತ್ತ ಉಪ್ಪಿಗೆ ಹೆಚ್ಚು ಸೋಲುವುದು ಎಳೆ ಸಸಿಯ ಹಂತದಲ್ಲಿ ಮತ್ತು ಹೂವಿನ ಹಂತದಲ್ಲಿ. ಹಾಗಾಗಿ 30–35 ದಿನದ ಬಲಿತ ಸಸಿಯನ್ನು ಗುಣಿಗೆ ಮೂರು ನಾಲ್ಕರಂತೆ ನಾಟಿ ಮಾಡುವುದು ಖರ್ಚಿಲ್ಲದ ಉಪಾಯ.

ನಿಯಮ ಮತ್ತು ಪೇಟೆಂಟ್

2022ರ ಮಾರ್ಚ್ 30ರಂದು ಕೇಂದ್ರ ಪರಿಸರ ಸಚಿವಾಲಯ, ಹೊರಗಿನ ಡಿಎನ್‌ಎ ಉಳಿಯದ ಎರಡು ವರ್ಗದ ತಿದ್ದುಪಡಿ ಗಿಡಗಳನ್ನು 1989ರ ಕುಲಾಂತರಿ ನಿಯಮಗಳ 7ರಿಂದ 11ರವರೆಗಿನ ನಿಯಮಗಳಿಂದ ಹೊರಗಿಟ್ಟಿತು. ಹೊರಗಿನ ಜೀನ್ ಇಡೀ ಸೇರಿಸುವ ಮೂರನೇ ವರ್ಗಕ್ಕೆ ಹಳೆಯ ನಿಯಮವೇ ಅನ್ವಯ. ಮೊದಲ ಎರಡು ವರ್ಗಗಳಲ್ಲಿ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯೇ ಹೊರಗಿನ ಡಿಎನ್‌ಎ ಇಲ್ಲವೆಂದು ಖಚಿತಪಡಿಸಿಕೊಂಡು ಮೇಲಿನ ಸಮಿತಿಗೆ ತಿಳಿಸುತ್ತದೆ. ತಳಿ ರೂಪಿಸಿದ ಸಂಸ್ಥೆಯೇ ಮೊದಲ ಪರೀಕ್ಷಕ ಆಗಿರುವುದು ಈ ವ್ಯವಸ್ಥೆಯ ದುರ್ಬಲ ಕೊಂಡಿ. ಸಿಕೆಎಕ್ಸ್2ರಂತೆ ಪ್ರಕೃತಿಯಲ್ಲೇ ಕೆಟ್ಟ ರೂಪವಿರುವ ಜೀನಿಗೆ ಪೂರ್ಣ ಕುಲಾಂತರಿ ಪರೀಕ್ಷೆ ಬೇಕಿಲ್ಲ ಎಂಬ ವಾದ ಸರಿ. ಆದರೆ ವಾಹಕದ ತುಂಡು ಉಳಿದಿಲ್ಲ ಎಂಬ ಪರೀಕ್ಷೆ ಸ್ವತಂತ್ರ ಪ್ರಯೋಗಾಲಯದಲ್ಲಿ ನಡೆಯಬೇಕು.

ಪೇಟೆಂಟಿನ ವಿಷಯಕ್ಕೆ ಇಷ್ಟು ಗಮನ ಸಿಕ್ಕಿಲ್ಲ, ಸಿಗಬೇಕಿತ್ತು. ಭಾರತದ ಪೇಟೆಂಟ್ ಕಾಯ್ದೆಯ 3(ಜೆ) ಕಲಮಿನ ಪ್ರಕಾರ ಗಿಡ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ಬ್ರ್ಯಾಂಡ್ ಹೆಸರು ಹಾಕದಿದ್ದರೆ ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಭತ್ತ ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ಈ ಹಕ್ಕು ಕಾಗದದ ಮೇಲಷ್ಟೇ ಅಲ್ಲ, ಹೊಲದಲ್ಲೂ ನಡೆಯುತ್ತದೆ. ಒಮ್ಮೆ ತಂದ ಬೀಜ ಮುಂದಿನ ವರ್ಷವೂ ಅದೇ ಗುಣ ಕೊಡುತ್ತದೆ. ಆದರೆ ಕ್ರಿಸ್ಪರ್-ಕ್ಯಾಸ್9 ವಿಧಾನದ ಪೇಟೆಂಟುಗಳು ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಅವರ ಸಹಭಾಗಿಗಳ ಬಳಿ ಇವೆ. ಕೃಷಿ ಬಳಕೆಯ ಪರವಾನಗಿಯಲ್ಲಿ ಕಾರ್ಟೇವಾ ಎಂಬ ಬೀಜ ಕಂಪನಿಗೆ ದೊಡ್ಡ ಪಾತ್ರವಿದೆ. ಸಂಶೋಧನೆಗೆ ಬಳಸುವುದು ಒಂದು ಮಾತು, ಆ ಸಂಶೋಧನೆಯಿಂದ ಬಂದ ಬೀಜವನ್ನು ಮಾರುವುದು ಇನ್ನೊಂದು ಮಾತು. ಬ್ರೀಡರ್ ಬೀಜದಿಂದ ಮೂಲ ಬೀಜ, ಮೂಲ ಬೀಜದಿಂದ ಪ್ರಮಾಣಿತ ಬೀಜ ಆಗುವ ಹೊತ್ತಿಗೆ ಬೀಜ ನಿಗಮಗಳೂ ಖಾಸಗಿ ಉತ್ಪಾದಕರೂ ಈ ಸರಪಳಿಗೆ ಬಂದಿರುತ್ತಾರೆ. ಪರವಾನಗಿಯ ಶುಲ್ಕ ಎಷ್ಟು, ಅದನ್ನು ಯಾರು ಕಟ್ಟುತ್ತಾರೆ, ಉಳಿಸಿದ ಬೀಜ ಮಾರುವ ರೈತನಿಗೆ ಆ ಒಪ್ಪಂದ ಅನ್ವಯಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಕೃಷಿ ಸಂಶೋಧನಾ ಮಂಡಳಿ ಲಿಖಿತ ಉತ್ತರವನ್ನು ಮೊದಲ ಚೀಲ ಪ್ರಮಾಣಿತ ಬೀಜ ಹೊರಬರುವ ಮೊದಲೇ ಪ್ರಕಟಿಸಬೇಕು.